ಒಂದೇ ಗಂಡು ಕೌಜುಗ

…ಅಥವಾ ಡಬ್ಬಿಯೊಳಗಿನ ಸದ್ದನ್ನು ಮೊದಲು ಕೇಳಿಸಿಕೊಂಡವಳು ಅಕ್ಕನೇ ಇರಬೇಕು, ನಾನಲ್ಲ. ಥರ್ಮಾಕೋಲ್ ಡಬ್ಬಿಗೆ ಕಿವಿ ಹಚ್ಚಿ ಕೂತದ್ದು ನೆನಪಿದೆ, ಕೆನ್ನೆಗೆ ತಾಗಿದ ಬಿಸುಪೂ ನೆನಪಿದೆ. ಆದರೆ ಆ ಕೆನ್ನೆ ನನ್ನದೇ ಎಂದು ಹೇಗೆ ಹೇಳಲಿ? ಅಕ್ಕ ಈ ಸಂಗತಿಯನ್ನು ಮನೆಗೆ ಬಂದವರಿಗೆಲ್ಲ ಹೇಳಿದ್ದಾಳೆ, ಹೇಳಿದಾಗಲೆಲ್ಲ ನಾನು ಅಲ್ಲೇ ಕೂತಿದ್ದೇನೆ. ಕೇಳಿದ್ದು ಯಾವಾಗ ಕಂಡದ್ದಾಯಿತೋ ತಿಳಿಯದು. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಅರ್ಧ ಅವಳದು. ಯಾವ ಅರ್ಧ ಎಂದು ನನ್ನನ್ನು ಕೇಳಬಾರದು.

ಖಚಿತವಾಗಿ ಗೊತ್ತಿರುವುದು ಇಷ್ಟು. ನಮ್ಮ ಮನೆ ಹನುಮಸಾಗರದಲ್ಲಿ. ಅಕ್ಕ ಕುಷ್ಟಗಿ ಸುತ್ತಿನ ಬೀಜದ ಪ್ಲಾಟುಗಳಿಗೆ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಹೈಬ್ರಿಡ್ ಟೊಮ್ಯಾಟೊ ಬೀಜ ಮಾಡುವ ಕೆಲಸ ಅದು. ಹೆಣ್ಣು ಸಾಲಿನ ಗಿಡದ ಮೊಗ್ಗನ್ನು ಚಿಮಟದಿಂದ ಬಿಡಿಸಿ ಒಳಗಿನ ಗಂಡು ಭಾಗವನ್ನು ಕಿತ್ತು ಹಾಕಬೇಕು. ಆಮೇಲೆ ಗಂಡು ಸಾಲಿನ ಹೂವಿನ ಪುಡಿಯನ್ನು ತಂದು ಒಂದೊಂದು ಹೂವಿಗೂ ಮುಟ್ಟಿಸಬೇಕು. ಬಲೆ ಕಟ್ಟಿದ ಚಪ್ಪರದೊಳಗೆ ದಿನವಿಡೀ ಕುತ್ತಿಗೆ ಬಗ್ಗಿಸಿಕೊಂಡೇ ಇರಬೇಕು. ಅಕ್ಕನ ಕುತ್ತಿಗೆ ಬಲಕ್ಕೆ ಹೊರಳುವುದು ನಿಂತೇ ಹೋಗಿತ್ತು. ಆ ಕಡೆಯಿಂದ ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಿದ್ದಳು.

ಕೌಜುಗದ ಹಕ್ಕಿ ಸಾಕುವ ಯೋಚನೆ ಬಂದದ್ದು ಅಲ್ಲಿಂದ.

"ಮನ್ಯಾಗ ಕುಂತು ಮಾಡೂ ಕೆಲಸ," ಅಂದಳು. "ನಮ್ಮ ಹಕ್ಕಿ, ನಮ್ಮ ತತ್ತಿ, ನಮ್ಮ ಮರಿ. ಇದು ಹತ್ತಿತಂದ್ರ ಬರೂ ಹಂಗಾಮಿಗೆ ನಾ ಚಿಮಟ ಹಿಡಿಯಂಗಿಲ್ಲ."

ಗಂಗಾವತಿಯಲ್ಲಿ ಕೌಜುಗ ಸಾಕುವವರೊಬ್ಬರಿಂದ ತತ್ತಿ ತಂದಳು. ಭತ್ತದ ಹೊಟ್ಟಿನಲ್ಲಿ ಹುದುಗಿಸಿ ಕೊಟ್ಟಿದ್ದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡಿದ್ದಳಂತೆ. ಹೆಬ್ಬೆರಳ ತುದಿಯಷ್ಟು ತತ್ತಿ, ಮೈತುಂಬ ಕಂದು ಮಚ್ಚೆ. ಅವ್ವ ಒಂದನ್ನು ಅಂಗೈಯಲ್ಲಿ ಹೊರಳಿಸಿ ನೋಡಿದಳು.

"ನಮ್ಮ ಕೋಳಿ ಕಾವಿಗೆ ಬಂದೈತಿ. ಅದರ ಹೊಟ್ಟಿ ಕೆಳಗ ಇಡೋಣಲ್ಲ?"

"ಒಡೀತಾವ ಬೇ, ಸಣ್ಣವು."

"ಮತ್ತ ಇವುಗಳ ತಾಯಿ?"

"ಸಾಕಿದ ಕೌಜುಗ ಕಾವಿಗೆ ಕೂಡಂಗಿಲ್ಲಂತ."

"ಇಟ್ಟ ತತ್ತಿ ಮ್ಯಾಲ ಕೂಡಂಗಿಲ್ಲಂದ್ರ ಅದೆಂಥಾ ಹಕ್ಕಿ ಯವ್ವಾ!" ಎಂದು ಅವ್ವ ತತ್ತಿಯನ್ನು ಹೊಟ್ಟಿನೊಳಗೆ ವಾಪಸು ಇಟ್ಟಳು. ಅವ್ವ ಕೈಯನ್ನು ಸೀರೆಗೆ ಒರೆಸಿಕೊಂಡದ್ದು ನಾನು ಸೇರಿಸಿದ್ದಿರಬಹುದು.

ಥರ್ಮಾಕೋಲ್ ಡಬ್ಬಿಯೊಳಗೆ ಬಲ್ಬು, ಬಿಸಿ ಹೆಚ್ಚಾದರೆ ಬಲ್ಬನ್ನು ತಾನೇ ಆರಿಸುವ ಒಂದು ಯಂತ್ರ, ಮೂಲೆಯಲ್ಲಿ ನೀರಿನ ಬಟ್ಟಲು. ತತ್ತಿಗಳನ್ನು ಆಗಾಗ ಹೊರಳಿಸಬೇಕು. ಯಾವುದನ್ನು ಹೊರಳಿಸಿದ್ದು ಯಾವುದನ್ನು ಬಿಟ್ಟದ್ದು ಎಂದು ತಿಳಿಯಲು ಅಕ್ಕ ಒಂದು ಮಗ್ಗುಲಿಗೆ ಸುಣ್ಣದ ಚುಕ್ಕೆ ಇಟ್ಟಳು. ಮುಂಜಾನೆ ಚುಕ್ಕೆ ಮೇಲೆ, ಸಂಜೆ ಚುಕ್ಕೆ ಕೆಳಗೆ.

ಮೊದಲ ಸಲ ಹೆಚ್ಚು ಕಡಿಮೆ ಎಲ್ಲವೂ ಒಡೆದು ಮರಿಗಳಾದವು. ಮರುದಿನ ಕೆಲವು ಮರಿ ನೀರಿನ ತಟ್ಟೆಯಲ್ಲೇ ಸತ್ತು ಬಿದ್ದಿದ್ದವು. ಅಷ್ಟು ಕಡಿಮೆ ನೀರಿನಲ್ಲಿ ಮುಳುಗಲು ಸಾಧ್ಯ ಎಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಅಕ್ಕ ಅಂಗಳದಿಂದ ಸಣ್ಣ ಹರಳು ಆರಿಸಿ ತಂದು ತಟ್ಟೆಗೆ ತುಂಬಿದಳು. ಹರಳುಗಳ ಸಂದಿಯಲ್ಲಿ ಕೊಕ್ಕು ಇಟ್ಟು ಕುಡಿಯಲು ಉಳಿದವು ಕಲಿತವು.

ಅವು ಬೆಳೆದವು. ಹೆಣ್ಣುಗಳನ್ನೆಲ್ಲ ಇಟ್ಟುಕೊಂಡು, ಗಂಡುಗಳಲ್ಲಿ ದಪ್ಪನೆಯದೊಂದನ್ನು ಮಾತ್ರ ಉಳಿಸಿ ಬಾಕಿಯವನ್ನು ಮಾರಿದಳು. ಹೆಣ್ಣುಗಳು ತತ್ತಿಯಿಟ್ಟವು. ಈಗ ನಿಜಕ್ಕೂ ನಮ್ಮ ಹಕ್ಕಿ, ನಮ್ಮ ತತ್ತಿ. ಡಬ್ಬಿ ತುಂಬಿತು, ದಿನ ತುಂಬಿತು. ಒಳಗೆ ಏನೂ ಅಲುಗಲಿಲ್ಲ.

ಕರೆಂಟಿನ ಮೇಲೆ ಅನುಮಾನ ಹೋಯಿತು. ಬಲ್ಬು ಬದಲಾಯಿಸಿದಳು. ಮೊಬೈಲಿನ ಬೆಳಕು ಹಿಡಿದು ನೋಡಿದಳು. ಆ ಮಚ್ಚೆಗಳ ದೆಸೆಯಿಂದ ಒಳಗೇನೂ ಕಾಣಲಿಲ್ಲ. ಮತ್ತೊಂದು ಸಲ ಇಟ್ಟಳು. ಎರಡೋ ಮೂರೋ ಒಡೆದವು. ಉಳಿದವನ್ನು ಹಿತ್ತಲಲ್ಲಿ ಒಡೆದು ನೋಡಿದರೆ ಒಳಗೆ ರಕ್ತದ ಎಳೆಯೂ ಇರಲಿಲ್ಲ.

ಆಗ ಹಿತ್ತಲ ಗೋಡೆಯಾಚೆಯಿಂದ ಖಾಲಾ ಇಣುಕಿದಳು. ನಮ್ಮ ಪಕ್ಕದ ಮನೆಯವಳು, ಅಕ್ಕನ ಜೊತೆ ಒಂದೇ ಟೆಂಪೊದಲ್ಲಿ ಕ್ರಾಸಿಂಗಿಗೆ ಹೋಗುವವಳು. ಕೌಜುಗಕ್ಕೆ ಬಟೇರ್ ಅನ್ನುತ್ತಾಳೆ.

"ಏನ ಬೇಟಿ, ಬಟೇರ್ ಮತ್ತ ಕೈ ಕೊಟ್ವಾ?"

"ಪೊಳ್ಳು ತತ್ತಿ ಖಾಲಾ, ಎಲ್ಲಾ ಪೊಳ್ಳು."

"ಗಂಡು ಎಷ್ಟದಾವ?"

"ಒಂದ."

"ಯಾ ಅಲ್ಲಾ! ಇಷ್ಟು ಮಂದಿ ಹೆಂಡ್ರಿಗೆ ಒಬ್ಬ ಗಂಡ? ನವಾಬನ ಏನ ಅಂವಾ?"

"ಪ್ಲಾಟಿನ್ಯಾಗ ಹೆಂಗೈತಿ ಖಾಲಾ? ಎಷ್ಟ ಹೆಣ್ಣು ಸಾಲಿದ್ರೂ ಒಂದ ಸಾಲು ಗಂಡು ಸಾಕಾಗಂಗಿಲ್ಲೇನು?"

ಖಾಲಾ ಗೋಡೆಗೆ ಎರಡೂ ಕೈ ಊರಿ ನಕ್ಕಳು. "ಅರೇ ಹುಚ್ಚಿ, ಅಲ್ಲಿ ಗಂಡಿನ ಪುಡಿ ನೀನ ಹೊತ್ಕೊಂಡ ಹೋಗಿ ಮುಟ್ಟಸ್ತಿ. ಇಲ್ಲಿ ಅಂವನ ಓಡಾಡಬೇಕಲ್ಲ! ಸುಸ್ತಾಗಿ ಬಿದ್ದಿರತಾನ ಪಾಪ."

ಅಕ್ಕನೂ ನಕ್ಕಳು ಎಂದು ಅವ್ವ ಹೇಳುತ್ತಾಳೆ. ನನಗೆ ನೆನಪಿರುವ ಅಕ್ಕ ನಗಲಿಲ್ಲ. ಪಂಜರದ ಕಡೆ ತಿರುಗಿ ಆ ಗಂಡನ್ನೇ ನೋಡುತ್ತಾ ನಿಂತಳು. ಎರಡೂ ನಿಜವಿರಬಹುದು. ಅವ್ವ ಮತ್ತು ನಾನು ನಿಂತ ಜಾಗ ಬೇರೆ ಬೇರೆ.

ಗಂಗಾವತಿಯಿಂದ ಮತ್ತಷ್ಟು ಗಂಡುಗಳು ಬಂದವು. ಬಂದ ಕೂಡಲೆ ಒಂದನ್ನೊಂದು ಕುಕ್ಕಿ ರಕ್ತ ತೆಗೆದವು, ಹೆಣ್ಣುಗಳ ನೆತ್ತಿಯ ಪುಕ್ಕ ಕಿತ್ತು ಬೋಳು ಮಾಡಿದವು. ಅಕ್ಕ ಪಂಜರಕ್ಕೆ ಅಡ್ಡ ತಡಿಕೆ ಹಾಕಿ, ಒಂದು ಗಂಡಿಗೆ ಎರಡೋ ಮೂರೋ ಹೆಣ್ಣು ಎಂದು ಬೇರ್ಪಡಿಸಿದಳು. ಅವುಗಳ ಒರಟು ಕೂಗಿಗೆ ಅವ್ವ ಬೈದಳು. ಅಷ್ಟರಲ್ಲಿ ಟೊಮ್ಯಾಟೊ ಹಂಗಾಮು ಹತ್ತಿರ ಬಂದಿತ್ತು. ಅದಕ್ಕೆ ಮೊದಲು ಇನ್ನೊಂದು ಡಬ್ಬಿಗಷ್ಟೇ ವೇಳೆಯಿತ್ತು.

ಆ ಡಬ್ಬಿಯ ನಡುವಿನ ದಿನಗಳಲ್ಲಿ ಒಂದು ಸಂಜೆ ಗಾಳಿ ಎದ್ದು ಕರೆಂಟ್ ಹೋಯಿತು. ಬಾಟಲಿಗಳಿಗೆ ಬಿಸಿನೀರು ತುಂಬಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ತತ್ತಿಗಳ ನಡುವೆ ಇಟ್ಟೆವು. "ಕೋಳಿ ಇದ್ದಿದ್ರ ಕರೆಂಟ್ ಬೇಕಾಗ್ತಿತ್ತಾ?" ಅಂದಳು ಅವ್ವ. ನೀರು ಕಾಯಿಸಿ ಕೊಟ್ಟವಳೂ ಅವಳೇ. ಕರೆಂಟ್ ಎಷ್ಟು ಹೊತ್ತಿಗೆ ಬಂತೆಂದು ನಾನು ಎರಡು ಥರ ಬರೆದು ಎರಡನ್ನೂ ಹೊಡೆದು ಹಾಕಿದ್ದೇನೆ.

ಆಮೇಲಿನದು ಮೊದಲೇ ಹೇಳಿದ ಆ ಸದ್ದು. ಬೆರಳ ಉಗುರಿನಿಂದ ಕಾಗದ ಕೆರೆದ ಹಾಗೆ. ಮುಚ್ಚಳ ತೆಗೆಯಬಾರದು, ಒಳಗಿನ ಹಸಿ ಆರಿದರೆ ಮರಿ ಚಿಪ್ಪಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ನಾವು ಬರೀ ಕೇಳುತ್ತ ಕೂತೆವು. ಮುಂಜಾನೆ ತೆಗೆದಾಗ ಡಬ್ಬಿಯ ತಳವೇ ಅಲುಗಾಡುತ್ತಿತ್ತು. ಒದ್ದೆ ಮರಿಗಳು ಒಂದರ ಮೇಲೊಂದು ಹತ್ತಿ ಉರುಳುತ್ತಿದ್ದವು. ಮುಕ್ಕಾಲು ಪಾಲು ಅಂದಳು ಅಕ್ಕ. ನನಗೆ ಅದಕ್ಕಿಂತ ಹೆಚ್ಚೇ ಅನ್ನಿಸಿತ್ತು.

ಅದೇ ದಿನ ಖಾಲಾ ಬಂದಳು.

"ನಾಳಿಂದ ಕ್ರಾಸಿಂಗ್ ಚಾಲೂ. ನಿಂದೊಂದ ಜಾಗಾ ಹಿಡೀಲಿ ಏನ, ಇಲ್ಲಾ ನವಾಬರ ಸೇವಾ ಮಾಡ್ಕೋತ ಕೂಡ್ತೀಯೋ?"

ಅಕ್ಕ ಉತ್ತರ ಕೊಡುವ ಮೊದಲೇ ಅವ್ವ ಅಂದಳು: "ಇನ್ನ ಯಾಕ ಬರ್ತಾಳ? ಮರಿ ಆದ್ವಲ್ಲ."

"ನೋಡ್ತೀನಿ ಖಾಲಾ," ಅಂದಳು ಅಕ್ಕ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅವಳು ಬುತ್ತಿ ಕಟ್ಟಿಕೊಂಡು ಟೆಂಪೊ ಹತ್ತಿದಳು. ಕಾಳು ಎಷ್ಟು ಪುಡಿ ಮಾಡಬೇಕು, ಬಲ್ಬು ಎಷ್ಟು ಮೇಲೆ ಕಟ್ಟಬೇಕು ಎಂದು ಅವ್ವನಿಗೆ ಹೇಳಿ ಹೋಗಿದ್ದಳು. ಈಗಲೂ ಎರಡೂ ನಡೆದಿವೆ. ಹಂಗಾಮಿನಲ್ಲಿ ಅವಳು ಚಪ್ಪರದೊಳಗೆ, ಹಕ್ಕಿಗಳು ಅವ್ವನ ಪಾಲಿಗೆ.

ಗೆದ್ದ ಮೇಲೂ ಅವಳು ಯಾಕೆ ಹೋದಳು? ಖಾಲಾ, ಜೊತೆ ತಪ್ಪಿಸಬಾರದೆಂದು ಬಂದಳು ಅನ್ನುತ್ತಾಳೆ. ಅವ್ವ, ರೂಢಿ ಅನ್ನುತ್ತಾಳೆ. ಮುಂದಿನ ಡಬ್ಬಿಯನ್ನು ಅವಳು ನಂಬಲಿಲ್ಲ ಎಂದು ನಾನು ಬರೆಯಬಹುದಿತ್ತು, ಬರೆದರೆ ಚೆನ್ನಾಗಿಯೂ ಕಾಣುತ್ತಿತ್ತು. ಒಮ್ಮೆ ಅವಳನ್ನೇ ಕೇಳಿದೆ.

"ಟೆಂಪೊ ಬಂತು, ಹತ್ತಿದ್ನಿ," ಅಂದಳು.

ಅದು ಉತ್ತರವೋ, ಉತ್ತರ ಕೊಡದಿರುವ ರೀತಿಯೋ, ನನಗೆ ಗೊತ್ತಿಲ್ಲ.