ಸೆರಗು ಒಡ್ಡದ ಹೆಂಗಸರು

ತಟ್ಟೆ ನನ್ನ ಮುಂದೆ ಬಂದು ನಿಂತಿತು. ನಾನು ಸೆರಗು ಒಡ್ಡಿದೆ. ತಟ್ಟೆ ನನ್ನನ್ನು ದಾಟಿ ಪಕ್ಕದವಳ ಮುಂದೆ ಹೋಯಿತು.

ನಡೆದದ್ದು ಇಷ್ಟೇ. ಯಾರೂ ಬೈಯಲಿಲ್ಲ, ಯಾರೂ ನೂಕಲಿಲ್ಲ. ತಟ್ಟೆ ಹಿಡಿದಿದ್ದ ನಾಯಕಿ ತುಂಬ ಮರ್ಯಾದೆಯಿಂದಲೇ, ಮೆಲ್ಲಗೆ ಹೇಳಿದರು: "ನಿಮಗ ಬ್ಯಾಡ ಬಿಡ್ರಿ ಅಕ್ಕಾರ. ಪದ್ಧತಿ ಅಲ್ಲ."

ಒಡ್ಡಿದ ಸೆರಗನ್ನು ಬರಿದಾಗಿ ಹಿಂದಕ್ಕೆ ತೆಗೆದುಕೊಳ್ಳುವುದು ಎಷ್ಟು ಕಷ್ಟ ಗೊತ್ತೇ? ಮಡಚಬೇಕೋ, ಹೊದೆಯಬೇಕೋ, ತಿಳಿಯುವುದಿಲ್ಲ.

ಎರಡು ತಿಂಗಳು ಈ ಅಂಕಣ ಯಾಕೆ ಬರಲಿಲ್ಲ ಎಂದು ಕೆಲವರು ಕೇಳಿದ್ದೀರಿ. ನಮ್ಮ ಮನೆಯವರು ತೀರಿಕೊಂಡರು. ಇಪ್ಪತ್ತೆಂಟು ವರ್ಷ ಮಗ್ಗದ ಮುಂದೆ ಕೂತು ಇಳಕಲ್ ಸೀರೆ ನೇಯ್ದವರು. ಒಂದು ಬೆಳಿಗ್ಗೆ ಎದೆ ನೋವು ಎಂದರು, ಬಾಗಲಕೋಟೆಯ ದವಾಖಾನೆ ಮುಟ್ಟುವ ಮೊದಲೇ ಹೋದರು. ಇದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಬೆಳಗಿನ ಚಹಾಕ್ಕೆ ಕೈ ಈಗಲೂ ಇಬ್ಬರ ಸಕ್ಕರೆ ಹಾಕುತ್ತದೆ. ಮೊದಲ ಗುಟುಕಿಗೆ ಗೊತ್ತಾಗುತ್ತದೆ.

ಸೆರಗು ಒಡ್ಡಿದ್ದೂ ಹಾಗೆಯೇ. ಇಷ್ಟು ವರ್ಷದ ರೂಢಿ. ಕೈಗಳಿಗೆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಅಂದು ನನ್ನನ್ನು ಎಳೆದುಕೊಂಡು ಹೋದವಳು ಪಕ್ಕದ ಮನೆಯ ಶಾಂತವ್ವ. "ಮನ್ಯಾಗ ಕುಂತು ಗ್ವಾಡಿ ಜೋಡಿ ಮಾತಾಡಾಕತ್ತಿ. ಏಳ ವೈನಿ, ನಾಕ ಮಂದ್ಯಾಗ ಬಾ," ಎಂದಳು. ಚುನಾವಣೆಗೆ ಮುಂಚಿನ ಉಡಿ ತುಂಬುವ ಕಾರ್ಯಕ್ರಮ ಅದು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನ ಕೊಂಬು, ಮೇಲೊಂದು ಗುಳೇದಗುಡ್ಡದ ಕುಪ್ಪಸದ ಖಣ. ಹೋಗುವಾಗ ಅಮೀನಗಡದ ಕರದಂಟು. (ನೀತಿ ಸಂಹಿತೆ ಇನ್ನೂ ಜಾರಿಯಾಗಿರಲಿಲ್ಲ. ಜಾರಿಯಾಗುವ ಹಿಂದಿನ ವಾರವೇ ನಮ್ಮ ನಾಯಕರಿಗೆ ಸಂಸ್ಕೃತಿ ನೆನಪಾಗುವುದು.)

ಈ ಸಲ ಸಂಸ್ಕೃತಿ ಎರಡು ಕಡೆಯಿಂದ ಬಂದಿತ್ತು. ಪಕ್ಷಗಳ ಹೆಸರು ಬರೆದರೆ ಸಂಪಾದಕರಿಗೆ ಫೋನ್ ಹೋಗುತ್ತದೆ. ಹಳೇ ಪಕ್ಷ, ಹೊಸ ಪಕ್ಷ ಎಂದಿರಲಿ. ಹಳೆಯದು ಒಡೆದು ಹೊಸದಾಯಿತು. ಇಬ್ಬರೂ ಸಂಪ್ರದಾಯದವರೇ. ಇಬ್ಬರ ಭಾಷಣದಲ್ಲೂ ಮಾತೆಯರು, ಧರ್ಮ, ಹಿರಿಯರು ಹಾಕಿಕೊಟ್ಟ ದಾರಿ. ಹೊಸಬರ ಶಾಲಿನ ಬಣ್ಣ ಮಾತ್ರ ಒಂದು ಛಾಯೆ ತಿಳಿ. ನೂಲಿಗೆ ಬಣ್ಣ ಹಾಕುವವರ ಮನೆಯವರಿಗಷ್ಟೇ ವ್ಯತ್ಯಾಸ ಕಾಣಬೇಕು. ಪೈಪೋಟಿ ಎಷ್ಟು ಬಿಗಿಯೆಂದರೆ, ನಮ್ಮ ನೇಕಾರ ಓಣಿ ಯಾವ ಕಡೆ ವಾಲುತ್ತದೋ ಆ ಕಡೆ ಸೀಟು ಎಂದು ಎಲ್ಲರೂ ಹೇಳುತ್ತಿದ್ದರು.

ನಾನು ಹೋದದ್ದು ಹಳೇ ಪಕ್ಷದ ಕಾರ್ಯಕ್ರಮಕ್ಕೆ. ಶಾಂತವ್ವ ಅದರ ಕಾರ್ಯಕರ್ತೆ. ಇಂದು ನಿನ್ನೆಯವಳಲ್ಲ, ಬ್ಯಾನರ್ ಕಟ್ಟಿ, ಚೀಟಿ ಹಂಚಿ ಬೆರಳು ಸವೆಸಿದವಳು. ತಟ್ಟೆ ನನ್ನನ್ನು ದಾಟಿ ಹೋದಾಗ ಅವಳು ಪಕ್ಕದಲ್ಲೇ ಕೂತಿದ್ದಳು. ತುಂಬಿದ ಉಡಿ ಹಿಡಿದುಕೊಂಡೇ ನನ್ನ ಜೊತೆ ಮನೆಗೆ ಬಂದಳು.

ಮರುದಿನ ಬೆಳಿಗ್ಗೆ ಬಂದಳು. ಉಡಿಯ ಗಂಟನ್ನು ಬಿಚ್ಚದೆ ಹಾಗೆಯೇ ತಂದು ನಮ್ಮ ಕಟ್ಟೆಯ ಮೇಲಿಟ್ಟಳು.

"ಇದನ್ನ ದೇವರ ಮನಿಗೆ ಒಯ್ಯಾಕ ಮನಸ ಬರವಲ್ದು ವೈನಿ. ಅಲ್ಲೇ ಎದ್ದ ನಿಂತು ಕೇಳಬೇಕಿತ್ತು. ಬಾಯಿ ಬರಲಿಲ್ಲ."

"ಬಿಡ ಶಾಂತವ್ವ, ಪದ್ಧತಿ," ಎಂದೆ.

ಎದುರು ಮನೆಯ ಗಂಗವ್ವ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದಳು. ಅರವತ್ತು ದಾಟಿದ ಮುದುಕಿ. ಅವಳ ಗಂಡ ಹೋಗಿ ಇಪ್ಪತ್ತು ವರ್ಷವಾಗಿದೆ. ಇಪ್ಪತ್ತು ವರ್ಷದಿಂದ ತಟ್ಟೆಗಳು ಅವಳನ್ನು ದಾಟಿ ಹೋಗುತ್ತಿದ್ದವು. ನಿಜ ಹೇಳಬೇಕೆಂದರೆ ನಾನೂ ಎಷ್ಟೋ ಸಲ ದಾಟಿ ಹೋಗಿದ್ದೆ. ರಾಟಿ ನಿಲ್ಲಿಸದೆಯೇ ಅಂದಳು:

"ವೋಟ್ ಹಾಕೂವಾಗ ನನ್ನ ಬೆರಳಿಗೆ ಮಸಿ ಹಚ್ತಾರಲ್ಲ, ಆವಾಗ ಒಬ್ಬ ಮಗಾನೂ 'ಗಂಡ ಅದಾನೇನಬೇ' ಅಂತ ಕೇಳಿಲ್ಲ ನೋಡು."

ಓಣಿ ನಕ್ಕಿತು. ನಾನೂ ನಕ್ಕೆ. ಅವರು ಹೋದ ಮೇಲೆ ಮೊದಲ ಸಲ. ಶಾಂತವ್ವ ನಗಲಿಲ್ಲ.

ಆ ವಾರವೇ ಹೊಸ ಪಕ್ಷದ ಹುಡುಗಿಯೊಬ್ಬಳು ಕರೆಯಲು ಬಂದಳು. ಅವರದೂ ಶುಕ್ರವಾರ ಉಡಿ ತುಂಬುವುದು. ಶಾಂತವ್ವ ಬಾಗಿಲಲ್ಲೇ ತಡೆದಳು.

"ಎಲ್ಲಾರಿಗೂ ತುಂಬ್ತೀರೇನವಾ?"

"ಹೂಂ ರಿ, ಎಲ್ಲಾ ಮುತ್ತೈದೇರಿಗೂ."

"ಮುತ್ತೈದೇರನ್ನ ನಾ ಕೇಳಲಿಲ್ಲ. ಎಲ್ಲಾರನ್ನ ಕೇಳಿದೆ."

ಹುಡುಗಿ ಮೊಬೈಲ್ ತೆಗೆದಳು. "ಮ್ಯಾಲಿನವರನ್ನ ಕೇಳಿ ಹೇಳ್ತೇನ್ರಿ." (ಮೇಲಿನವರು ಅಂದರೆ ಯಾರು? ಹುನಗುಂದದವರೋ, ಬೆಂಗಳೂರಿನವರೋ, ಅದಕ್ಕಿಂತಲೂ ಮೇಲಿನವರೋ?)

ಸುದ್ದಿ ಹಳೇ ಪಕ್ಷಕ್ಕೆ ಮುಟ್ಟಲು ಒಂದು ತಾಸು ಸಾಕಾಯಿತು. ಸಂಜೆ ಅವರ ಮುಖಂಡರೊಬ್ಬರು ಬಂದು, "ಶಾಂತಕ್ಕಾರ, ಅಂಥಾ ಹೆಣ್ಮಕ್ಕಳಿಗೆ ಮನಿಗೇ ಬ್ಯಾರೆ ಕಳಸ್ತೀವಿ. ಒಂದೊಂದು ಸೀರಿನೂ ಇಡ್ತೀವಿ," ಎಂದರು.

"ಇಳಕಲ್ಲಿನ ಹೆಣ್ಮಕ್ಕಳಿಗೆ ಸೀರಿ ತೋರಸ್ತೀರೇನ್ರಿ?" ಎಂದಳು ಶಾಂತವ್ವ.

ಮೇಲಿನವರ ಉತ್ತರ ಬರಲಿಲ್ಲ. ಶುಕ್ರವಾರ ನಾನು ಹೋಗುವುದಿಲ್ಲ ಎಂದೆ. ಮತ್ತೊಮ್ಮೆ ದಾಟಿಸಿಕೊಳ್ಳುವ ಶಕ್ತಿ ನನಗಿರಲಿಲ್ಲ. ಆದರೆ ನಾನು ಮನೆಯಲ್ಲೇ ಉಳಿದರೆ ಆ ನಾಯಕಿಯ ಮಾತೇ ಖಾಯಂ ಆಗುತ್ತದೆ, ಅದೂ ಗೊತ್ತಿತ್ತು. ಗಂಗವ್ವ ಬಂದು ಕೈ ಹಿಡಿದಳು. "ನೀ ಬರಲಿಲ್ಲಂದ್ರ ನಾ ಒಬ್ಬಾಕಿನ ಆಗ್ತೀನಿ," ಎಂದಳು. ಹೋದೆ.

ಮೂವತ್ತು ಹೆಂಗಸರ ಸಾಲು. ಮೊದಲ ಜಾಗದಲ್ಲಿ ಓಣಿಯವರು ಗಂಗವ್ವನನ್ನು ಕೂರಿಸಿದ್ದರು. ಎರಡನೆಯದು ನನ್ನದು. ಮೂರನೆಯವಳು ಶಾಂತವ್ವ. ಹಳೇ ಪಕ್ಷದ ಕಾರ್ಯಕರ್ತೆ ಹೊಸ ಪಕ್ಷದ ಜಮಖಾನೆಯ ಮೇಲೆ, ಹಾಡಹಗಲಲ್ಲಿ!

ಅಭ್ಯರ್ಥಿಯ ಹೆಂಡತಿ ತಟ್ಟೆ ಹಿಡಿದು ಬಂದರು. ವಯಸ್ಸು ಚಿಕ್ಕದು. ಗಂಗವ್ವನ ಬರಿ ಹಣೆ ನೋಡಿದರು, ನನ್ನದು ನೋಡಿದರು. ಮೈಕಿನ ಪಕ್ಕ ನಿಂತಿದ್ದ ಹಿರಿಯರೊಬ್ಬರು ಮುಂದೆ ಹೋಗಿ ಎಂದು ಕೈ ಸನ್ನೆ ಮಾಡಿದರು. ಆಕೆ ಎರಡು ಹೆಜ್ಜೆ ಸರಿದು ಶಾಂತವ್ವನ ಮುಂದೆ ನಿಂತರು.

ಶಾಂತವ್ವ ಸೆರಗು ಒಡ್ಡಲಿಲ್ಲ. ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅವಳ ಪಕ್ಕದವಳೂ ಸಿಕ್ಕಿಸಿಕೊಂಡಳು. ಆಕೆಯ ಪಕ್ಕದವಳೂ. ಘೋಷಣೆಯಿಲ್ಲ, ಗದ್ದಲವಿಲ್ಲ. ಸೆರಗುಗಳು ಒಂದೊಂದಾಗಿ ಸೊಂಟ ಸೇರಿದವು, ಸಾಲಿನ ಕೊನೆಯವರೆಗೆ. ಅವರಲ್ಲಿ ಮನೆಯಲ್ಲಿ ಎರಡು ಮಾತಾಡಿದರೆ ಏಟು ತಿನ್ನುವವರೂ ಇದ್ದರು. ಈ ಹೆಂಗಸರ ಜೊತೆ ಇಷ್ಟು ವರ್ಷ ನಲ್ಲಿಯ ನೀರಿಗೆ ಜಗಳ ಆಡಿದ್ದೇನೆ. ಇಂಥವರು ಎಂದು ನನಗೆ ಗೊತ್ತಿರಲಿಲ್ಲ.

"ಯಾಕ್ರಿ ಅಕ್ಕಾರ?" ಎಂದರು ಅಭ್ಯರ್ಥಿಯ ಹೆಂಡತಿ.

"ಸಾಲು ಅಲ್ಲಿಂದ ಚಾಲೂ ಆಗ್ತೈತ್ರಿ," ಎಂದಳು ಶಾಂತವ್ವ, ಗಂಗವ್ವನ ಕಡೆ ತೋರಿಸಿ.

ಆ ಹೆಣ್ಣುಮಗಳು ಹಿರಿಯರ ಕಡೆ ಮತ್ತೆ ನೋಡಲಿಲ್ಲ. ಅದು ದೊಡ್ಡ ಮಾತು. ಹಿಂದಕ್ಕೆ ಬಂದರು, ಗಂಗವ್ವನ ಮುಂದೆ ಬಗ್ಗಿದರು. ನಾಲ್ಕು ಕಾಳು ಅಕ್ಕಿ ಕೆಳಗೆ ಬಿದ್ದವು. ಗಂಗವ್ವ ಮೊದಲು ಆ ಅಕ್ಕಿ ಆರಿಸಿ ಉಡಿಗೆ ಹಾಕಿಕೊಂಡಳು. ಆಮೇಲೆ ಅತ್ತಳು. ನನ್ನ ಸೆರಗಿಗೆ ಕೊಬ್ಬರಿ ಬಿದ್ದಾಗ ಅದರ ಭಾರಕ್ಕೆ ನನ್ನ ಕೈ ಕೆಳಗೆ ಜಗ್ಗಿತು.

ಹಾಗಾದರೆ ಹೊಸ ಪಕ್ಷ ಗೆದ್ದಿತು ಎನ್ನುತ್ತೀರಾ? ತಡೆಯಿರಿ. ಸಂಜೆ ಅವರ ವಾಟ್ಸಪ್ ಗ್ರೂಪಿನಲ್ಲಿ ಫೋಟೊ ಬಂತು. ಸಾಲು ಶಾಂತವ್ವನಿಂದ ಶುರುವಾಗಿತ್ತು. ನಾವಿಬ್ಬರು ಕತ್ತರಿಗೆ ಹೋಗಿದ್ದೆವು.

ಮರುದಿನ ಹಳೇ ಪಕ್ಷದ ನಾಯಕಿ ತಾವೇ ಶಾಂತವ್ವನ ಮನೆಗೆ ಬಂದರು. "ಪದ್ಧತಿ ಬದಲಾಗಾಕ ಟೈಮ್ ಬೇಕಾಗ್ತೈತಿ ಶಾಂತಕ್ಕ," ಎಂದರು.

"ಪಕ್ಷ ಒಡ್ಯಾಕ ಎಷ್ಟ್ ಟೈಮ್ ಬೇಕಾತ್ರಿ?"

ಅವರು ಚಹಾ ಕುಡಿಯದೇ ಎದ್ದರು. ಪಕ್ಷ ಬಿಡುತ್ತೀಯಾ ಎಂದು ನಾನು ಕೇಳಿದ್ದಕ್ಕೆ ಶಾಂತವ್ವ ಸಿಟ್ಟಾದಳು. "ಯಾಕ ಬಿಡ್ಲಿ? ಅದು ನನ್ನ ಪಕ್ಷ. ಅದಕ್ಕ ಬೈತೀನಿ. ಮಂದೀ ಮಕ್ಕಳಿಗೆ ಯಾರರ ಬೈತಾರೇನು?"

ಮತದಾನದ ದಿನ ಮೊದಲ ಸಲ ಒಬ್ಬಳೇ ಹೋದೆ. ಪಟ್ಟಿಯಲ್ಲಿ ನನ್ನ ಫೋಟೊ ಪಕ್ಕದಲ್ಲಿ ನಮ್ಮ ಮನೆಯವರ ಫೋಟೊ ಇನ್ನೂ ಇತ್ತು. ಪ್ರತಿ ಸಲ ಹೊರಗೆ ಬಂದ ಮೇಲೆ, "ಯಾರಿಗೆ ಹಾಕಿದಿ?" ಎಂದು ಕೇಳುತ್ತಿದ್ದರು. "ನಿಮಗ್ಯಾಕ?" ಎನ್ನುತ್ತಿದ್ದೆ. ನಗುತ್ತಿದ್ದರು. ಈ ಸಲ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ.

ಓಣಿ ಯಾವ ಕಡೆ ವಾಲಿತು? ಎರಡೂ ಪಕ್ಷದವರು ದಿನಕ್ಕೆರಡು ಸಲ ಬಂದು ಕೇಳುತ್ತಿದ್ದಾರೆ. ಹೆಂಗಸರು ಚಹಾ ಕೊಡುತ್ತಾರೆ, ಉತ್ತರ ಕೊಡುವುದಿಲ್ಲ. ಹೊಸ ಪಕ್ಷಕ್ಕೆ ಉಡಿ ತುಂಬುವ ಎದೆ ಇತ್ತು, ಆಮೇಲೆ ಫೋಟೊಕ್ಕೆ ಕತ್ತರಿ ಬಂತು. ಹಳೇ ಪಕ್ಷ ತಟ್ಟೆಯನ್ನೇ ದಾಟಿಸಿತ್ತು, ಅದಕ್ಕೆ ಕತ್ತರಿಯೂ ಬೇಕಾಗಲಿಲ್ಲ. ಇಷ್ಟು ಸಣ್ಣ ವ್ಯತ್ಯಾಸವನ್ನು ಈ ಹೆಂಗಸರು ಎಳೆ ಎಳೆಯಾಗಿ ಬಿಡಿಸಿ ನೋಡಿದ್ದನ್ನು ನಾನು ಕಂಡಿದ್ದೇನೆ. ಟಿವಿಯ ಪಂಡಿತರು ಬಂದು ಕಲಿಯಬೇಕು.

ಎಣಿಕೆ ಮುಂದಿನ ವಾರ. ಗೆದ್ದವರು ಮೆರವಣಿಗೆಯಲ್ಲಿ ನಮ್ಮ ಓಣಿಗೆ ಬಂದೇ ಬರುತ್ತಾರೆ. ಮುತ್ತೈದೆಯರು ಆರತಿ ಎತ್ತಿ, ಗೆದ್ದವರ ಹಣೆಗೆ ಕುಂಕುಮ ಇಡುವುದು ಇಲ್ಲಿಯ ರೂಢಿ. ಅದಕ್ಕೆ ಯಾರು ಎಂಬುದು ನಿನ್ನೆ ಗಂಗವ್ವನ ಕಟ್ಟೆಯ ಮೇಲೆ ತೀರ್ಮಾನವಾಯಿತು. ಈ ಸಲ ಆರತಿ ನನ್ನ ಕೈಯಲ್ಲಿ.

ಶಾಸಕರೇ, ನೀವು ಯಾವ ಪಕ್ಷದವರೇ ಆಗಿರಿ, ನನ್ನ ಮುಂದೆ ಹಣೆ ಬಾಗಿಸುತ್ತೀರಾ?