ಪೆನ್ಸಿಲ್ಲಿನಲ್ಲಿ ಉಳಿದ ಕಥೆ

ಇವತ್ತು ಬೆಳಿಗ್ಗೆ ಟ್ರಂಕು ತೆರೆದಾಗ ಮೊದಲು ಮೂಗಿಗೆ ಬಡಿದದ್ದು ಡಾಂಬರು ಗುಳಿಗೆಯ ವಾಸನೆ. ಒಳಗೆ ಹೆಂಡತಿಯ ಸೀರೆಗಳು, ಅವುಗಳ ಕೆಳಗೆ ಅವಳ ನೋಟಬುಕ್ಕು. ಅವಳು ತೀರಿಕೊಂಡು ಮೂರು ತಿಂಗಳಾದರೂ ಆ ಟ್ರಂಕು ಮುಟ್ಟುವ ಧೈರ್ಯ ನನಗೆ ಬಂದಿರಲಿಲ್ಲ. ಇವತ್ತೂ ಬರುತ್ತಿರಲಿಲ್ಲ. ಆದರೆ ಬಾಜೂ ಮನೆಯ ಹಸೀನಾ ಚಾಚಿ ಬೆನ್ನುಬಿದ್ದಿದ್ದಳು. ಮೂಡಲಗಿಯಲ್ಲಿ ಅವಳ ಅಳಿಯನ ಪ್ರೆಸ್ಸಿದೆ. ಸಂಜೆಯ ಬಸ್ಸಿಗೆ ಅವಳು ನೋಟಬುಕ್ಕು ಅಲ್ಲಿಗೆ ಒಯ್ದು ಕೊಡಬೇಕು, ಪುಸ್ತಕವಾಗಬೇಕು.

ಗೋಕಾಕದ ಈ ಬಾಡಿಗೆ ಚಾಳಿನಲ್ಲಿ ಒಂದೇ ಸಾಲಿಗೆ ಏಳು ಖೋಲಿ, ಏಳು ಸಂಸಾರ. ನೀವೂ ಚಾಳಿನಲ್ಲಿ ಇದ್ದವರಾದರೆ ಗೊತ್ತಿರುತ್ತದೆ, ಒಬ್ಬರ ಒಗ್ಗರಣೆಗೆ ಇನ್ನೊಬ್ಬರು ಸೀನುತ್ತಾರೆ. ಹೆಂಡತಿ ಒಂದೊಂದು ಖೋಲಿಗೆ ಒಂದೊಂದು ಕಥೆ ಬರೆದಳು. ಒಂದು ಕಥೆಯಲ್ಲಿ ಸಿಟ್ಟಾಗಿ ಹೊರಬಿದ್ದವಳು ಮುಂದಿನ ಕಥೆಯ ಮನೆಯಲ್ಲಿ ಕೂತು ಚಹಾ ಕುಡಿಯುತ್ತಾಳೆ. ಮೊದಲು ಪೆನ್ಸಿಲ್ಲಿನಲ್ಲಿ ಬರೆದು, ಆ ಮನೆಯವರ ಹೊಸ್ತಿಲಲ್ಲೇ ಕೂತು ಓದಿ ಹೇಳುವಳು. ಅವರು ಹೂಂ ಅಂದರೆ ಮಾತ್ರ ಅಕ್ಷರಗಳ ಮೇಲೆ ಪೆನ್ನು ಎಳೆಯುವಳು. "ಚಾಳಿನ ಪಂಚನಾಮಿ ಮಾಡಾಕತ್ತಿಯೇನು?" ಎಂದು ನಾನು ನಗುತ್ತಿದ್ದೆ. ಅರಿವೆ ಅಂಗಡಿಯಲ್ಲಿ ಬಟ್ಟೆ ಅಳೆದು ಹರಿದವನಿಗೆ ಇದರ ಅಳತೆ ಎಲ್ಲಿ ತಿಳಿಯಬೇಕು?

ಆರು ಕಥೆ ಶಾಯಿಯಲ್ಲಿವೆ. ಏಳನೆಯದು ಪೆನ್ಸಿಲ್ಲಿನಲ್ಲೇ ಉಳಿದಿದೆ. ಅದು ನಮ್ಮ ಖೋಲಿ.

ಅದರಲ್ಲಿ ಹುಕ್ಕೇರಿಯಿಂದ ಮದುವೆಯಾಗಿ ಬಂದವಳು ತವರಿನ ಕನ್ನಡಿ ತೂಗುಹಾಕಲು ಮೊಳೆ ಕೇಳುತ್ತಾಳೆ. ಗಂಡ, "ಬ್ಯಾಡ, ಇದೇನ್ ನಮ್ಮ ಮನಿಯೇನು? ನಮ್ಮ ಮನಿ ಕುಲಗೋಡದಾಗೈತಿ" ಎನ್ನುತ್ತಾನೆ. ವರ್ಷಗಟ್ಟಲೆ ಅವಳು ಕಿಟಕಿಗೆ ಒರಗಿಸಿದ ಕನ್ನಡಿಗೆ ಬಾಗಿ ಬಾಗಿ ತಲೆ ಬಾಚಿಕೊಳ್ಳುತ್ತಾಳೆ. "ಕುಲಗೋಡಕ್ಕ ಹೋದ್ರ ಪಾವಣ್ಯಾರಂಗ ಚಾಪಿ ಹಾಸಿ, ಚಾ ಕೊಟ್ಟು ಕೂಡಸ್ತಾರ. ಇದು ಬಾಡಿಗಿದು ಅಂತೀರಿ. ಹಂಗಾರ ನನ್ನ ಮನಿ ಯಾವ ಊರಾಗೈತಿ?" ಎಂದು ಕೇಳುತ್ತಾಳೆ. ಗಂಡ ಪೇಪರಿನ ಹಾಳೆ ತಿರುವುತ್ತಾನೆ. ಒಂದಕ್ಷರವೂ ಸುಳ್ಳಲ್ಲ.

ಇದನ್ನು ಊರೆಲ್ಲ ಓದಬೇಕೆ? ಟ್ರಂಕಿನಲ್ಲಿ ಅವಳದೇ ರಬ್ಬರಿತ್ತು. ಮೊದಲ ಸಾಲು ತಿಕ್ಕಿದೆ. ಎಷ್ಟು ಸಲೀಸಾಗಿ ಹೋಯಿತೆಂದರೆ ನನಗೇ ಹೆದರಿಕೆಯಾಯಿತು. ಆದರೂ ಕೈ ಎರಡನೆಯ ಸಾಲಿಗೆ ಹೋಗಿತ್ತು.

"ಏನ್ ತಿಕ್ಕಾಕತ್ತೀರಿ ಅಣ್ಣಾರ?" ಬಾಗಿಲಲ್ಲಿ ಚಾಚಿ.

"ತಪ್ಪಿತ್ತು."

"ಅಕಿ ತಪ್ಪು ಬರಿಯಾಕಿ ಅಲ್ಲ. ನಮ್ಮ ಮನಿಯವರು ಯಮಕನಮರಡಿಯಾಗ ಇನ್ನೊಂದು ಸಂಸಾರ ಇಟ್ಟಿದ್ದು ಬರದಾಳ. ಅತ್ತಕೋತ ಕೇಳಿ ಹೂಂ ಅಂದೇನಿ ನಾ. ನಿಮ್ದೇನ್ರಿ ಅಂಥಾ ಮಾನ ಹೋಗೂದು? ಒಂದು ಮೊಳಿ ಹೊಡಿಲಿಲ್ಲ ಅನ್ನೂದು!"

"ನನಗ ಯಾಕ ಓದಿ ಹೇಳ್ಲಿಲ್ಲ ಅಕಿ?"

"ಓದಿ ಹೇಳಾಕ ಮೂರು ಸಲ ನಿಮ್ಮ ಕಡೆ ಬಂದ್ಲಂತ. ದಣದು ಬಂದೇನಿ, ನಾಳೆ ಓದು ಅಂದ್ರಿ. ಆಮ್ಯಾಲೆ ದವಾಖಾನಿ ಹಾದಿನ ಆತು."

ಅಂದದ್ದು ನಿಜವೇ ಇರಬೇಕು. ನನಗೆ ನೆನಪೂ ಇಲ್ಲ.

ತಿಕ್ಕಿದ ಜಾಗ ಬೆಳ್ಳಗೆ ಕಾಣುತ್ತಿತ್ತು. ಅಲ್ಲಿ ಏನಿತ್ತೆಂಬುದು ಆ ಗಾಬರಿಯಲ್ಲಿ ನನಗೆ ಹೊಳೆಯಲೇ ಇಲ್ಲ. ಶಾಲೆಯ ಮೆಟ್ಟಿಲು ಹತ್ತದ ಚಾಚಿ, ಹೆಂಡತಿಯ ಬಾಯಿಂದ ಕೇಳಿ ಬಾಯಿಪಾಠವಾಗಿದ್ದನ್ನು ಕಣ್ಣು ಮುಚ್ಚಿ ಹೇಳಿದಳು: "ಹುಕ್ಕೇರಿಯಿಂದ ನಾನು ತಂದದ್ದಕ್ಕೆಲ್ಲ ಇಲ್ಲಿ ಜಾಗ ಕೇಳಬೇಕಾಯಿತು." ಅವಳು ಹೇಳಿದಂತೆ ಅದೇ ಜಾಗದಲ್ಲಿ ಬರೆದೆ.

"ಈಗ ಓದ್ರಿ. ಓದಿ ಹೂಂ ಅಂದ್ರ ಒಯ್ತೇನಿ, ಇಲ್ಲಂದ್ರ ಇಲ್ಲ. ಅಕಿ ರೀತಿ ಅದು."

ನಮ್ಮದೇ ಹೊಸ್ತಿಲಲ್ಲಿ ಕೂತು ಓದಿದೆ. ಎರಡು ಕಡೆ ನಿಂತು, ಅದೇ ಸಾಲನ್ನು ಮತ್ತೆ ಓದಿದೆ. ಕೊನೆಯ ಸಾಲು ಮುಗಿಯಿತು. ಹೂಂ ಅಂದು ನೋಟಬುಕ್ಕು ಚಾಚಿಯ ಕೈಗಿಟ್ಟೆ.

ಸಂಜೆ ಅವಳ ಬಸ್ಸು ಹೋಗಿರಬೇಕು, ಅಷ್ಟರಲ್ಲಿ ಕುಲಗೋಡದಿಂದ ತಮ್ಮನ ಫೋನು. "ಅಣ್ಣಾ, ಒಬ್ಬಾವ ಅಲ್ಲಿ ಏನ್ ಮಾಡ್ತಿ? ಖೋಲಿ ಖಾಲಿ ಮಾಡಿ ಮನಿಗಿ ಬಂದ್ಬಿಡು."

"ನಾ ಮನ್ಯಾಗ ಇದ್ದೇನಿ," ಅಂದೆ.

"ಯಾವ ಮನ್ಯಾಗ?"

"ಗೋಕಾಕದ ಮನ್ಯಾಗ."