ಅಕ್ಕನ ಸುತ್ತುವ ಮಿಷನ್ನಿಗೆ ಬೇರೆ ಚಿಪ್ಪು

ನನ್ನ ಅಕ್ಕ ಹರಿಹರದಲ್ಲಿ ಸುಟ್ಟ ಮೋಟರುಗಳಿಗೆ ತಾಮ್ರದ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದಾಳೆ. ಈ ಬೇಸಿಗೆಯಲ್ಲಿ ಅವಳ ಸುತ್ತುವ ಮಿಷನ್ನಿನ ಬೋರ್ಡು ಕೆಟ್ಟಿತು. ಅದರಲ್ಲಿದ್ದದ್ದು ಝಡ್-80 ಎಂಬ ಹಳೆಯ ಮೈಕ್ರೋಪ್ರೊಸೆಸರ್. ಕೈಯಿಂದ ಸುತ್ತೋಣವೆಂದರೆ ಅವಳ ಭುಜ ಏಳುವುದಿಲ್ಲ. ಮಿಷನ್ ಓಡದಿದ್ದರೆ ಅಂಗಡಿ ಮುಚ್ಚುವುದೇ ಎಂದಿದ್ದಳು.

ನಾನು ದಾವಣಗೆರೆಯ ಕಾಲೇಜೊಂದರಲ್ಲಿ ವರ್ಷಗಟ್ಟಲೆ ಮೈಕ್ರೋಪ್ರೊಸೆಸರ್ ಲ್ಯಾಬ್ ನೋಡಿಕೊಂಡವಳು. ಲ್ಯಾಬಿನವರು ಬೇಡವೆಂದು ಕೊಟ್ಟ, 8085 ಎಂಬ ಚಿಪ್ಪಿನ ಕಲಿಕೆಯ ಕಿಟ್ಟೊಂದು ಸರಸ್ವತಿ ನಗರದ ನನ್ನ ಮನೆಯಲ್ಲಿತ್ತು. ಎರಡೂ ಒಂದೇ ವಂಶದ ಚಿಪ್ಪುಗಳು, ಒಂದರ ಪ್ರೋಗ್ರಾಮು ಇನ್ನೊಂದರಲ್ಲಿ ಓಡುತ್ತದೆ ಎಂಬ ಮಾತು ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಕಿಟ್ಟನ್ನು ಅಕ್ಕನ ಅಂಗಡಿಗೆ ಒಯ್ದು, ಕೆಟ್ಟ ಬೋರ್ಡಿನಲ್ಲಿ ಪ್ರೋಗ್ರಾಮಿದ್ದ ಮೆಮೊರಿಯನ್ನು ಕಿತ್ತು ಅದಕ್ಕೆ ಹಾಕಿದೆ, ವೈರುಗಳನ್ನು ಕೂಡಿಸಿದೆ.

ಮಿಷನ್ ಒಂದು ಸುತ್ತು ತಿರುಗಿತು. ಕೆಲಸ ಮುಗಿಯಿತೆಂದು ಗಂಟೆ ಬಾರಿಸಿ ನಿಂತಿತು.

"ಭಾರೀ ಚುರುಕೈತೆ ಬಿಡೇ ನಿನ್ ಕಿಟ್ಟು. ಒಂದೇ ಸುತ್ತಿಗೆ ಮೋಟರ್ ರೆಡಿ!" ಎಂದಳು ಅಕ್ಕ.

"ಸುಮ್ನಿರಕ್ಕ."

ಕಲಿತ ಮಾತು ಸುಳ್ಳಾಗಿರಲಿಲ್ಲ, ಅದರ ದಿಕ್ಕನ್ನು ಮರೆತಿದ್ದೆ. ಇವೆರಡಕ್ಕೂ ಹಿಂದಿನದಾದ 8080ಕ್ಕೆ ಬರೆದದ್ದನ್ನು ಎರಡೂ ಓದುತ್ತವೆ. ಝಡ್-80 ಆಮೇಲೆ ಸೇರಿಸಿಕೊಂಡ ಆಜ್ಞೆಗಳು ಮಾತ್ರ 8085ಕ್ಕೆ ತಿಳಿಯವು. 'ಒಂದು ಕಳೆ, ಸೊನ್ನೆಯಾಗದಿದ್ದರೆ ಹಿಂದಕ್ಕೆ ಹೋಗು' ಎಂಬುದಕ್ಕೆ ಝಡ್-80ರಲ್ಲಿ ಒಂದೇ ಆಜ್ಞೆ ಸಾಕು. 8085ಕ್ಕೆ ಎರಡಾಗಿ ಬಿಡಿಸಿ ಹೇಳಬೇಕು. ಸುತ್ತು ಎಣಿಸುವ ಆ ಆಜ್ಞೆ ತಿಳಿಯದೆಯೇ ಮಿಷನ್ ಒಂದು ಸುತ್ತಿಗೆ ನಿಂತದ್ದು. ನಾನು ಹುಡುಗರಿಗೆ ಇದನ್ನು ಯಾವ ದಿಕ್ಕಿನಲ್ಲಿ ಹೇಳುತ್ತಿದ್ದೆ? ಸರಿಯಾಗಿಯೇ ಇರಬೇಕು ಅನ್ನಿಸುತ್ತದೆ. ಅನ್ನಿಸುವುದನ್ನು ನಂಬುವುದು ಹೇಗೆ?

ಎರಡು ಬೈಟಿದ್ದ ಜಾಗದಲ್ಲಿ ನಾಲ್ಕು ಕೂರಬೇಕು. ಅದರ ಮುಂದಿನದೆಲ್ಲ ಸರಿಯಬೇಕು, ವಿಳಾಸಗಳು ಬದಲಾಗಬೇಕು. ಪ್ರೋಗ್ರಾಮು ಚಿಕ್ಕದು. ತಿದ್ದಿದ್ದನ್ನು ಕಿಟ್ಟಿನ ತಾತ್ಕಾಲಿಕ ಮೆಮೊರಿಗೆ ತುಂಬಲು ಗುಂಡಿಗಳನ್ನು ಒತ್ತುತ್ತ ಕೂತೆ. ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು, ಸುತ್ತಿದ ತಂತಿಗೆ ಬಳಿಯುವ ವಾರ್ನಿಶ್ಶಿನ ವಾಸನೆಗೆ ಕಣ್ಣು ಎಳೆಯುತ್ತಿತ್ತು. ಅಕ್ಕ ಕುರ್ಚಿಯಲ್ಲೇ ನಿದ್ದೆ ಹೋದಳು. ಕೆಂಪು ಅಂಕಿಗಳು ನೀರಿನೊಳಗಿಂದ ಹೊಳೆದಂತೆ ಕಾಣುತ್ತಿದ್ದವು. ತಲೆ ಮರೆತ ಸಂಕೇತಗಳು ಬೆರಳಿಗೆ ತಾವಾಗಿ ಬಂದವು. ನಾನೂ ಅರ್ಧ ನಿದ್ದೆಯಲ್ಲಿದ್ದೆನೇನೋ.

ಮಿಷನ್ ಮತ್ತೆ ತಿರುಗಿತು. ಈ ಸಲ ನಿಲ್ಲಲಿಲ್ಲ. ಅಕ್ಕ ಎದ್ದು ಬಂದು ಪಕ್ಕದಲ್ಲಿ ನಿಂತಳು. ತಂತಿ ಎಳೆಯ ಪಕ್ಕ ಎಳೆಯಾಗಿ ಕೂರುತ್ತಿತ್ತು. ಅಂಗಡಿಯಲ್ಲಿ ಬಂಗಾರದ ಬೆಳಕಿತ್ತು ಎಂದು ಈಗ ನೆನಪಾಗುತ್ತದೆ. ಅಲ್ಲಿರುವುದು ಒಂದು ಟ್ಯೂಬ್‌ಲೈಟ್ ಅಷ್ಟೇ. ಬೇಕಾದಷ್ಟು ಸುತ್ತಾದ ಮೇಲೆ ಮಿಷನ್ ಗಂಟೆ ಬಾರಿಸಿತು.

"ಸ್ವಿಚ್ ಆಫ್ ಮಾಡ್ಬ್ಯಾಡಕ್ಕ, ಕರೆಂಟ್ ಹೋದ್ರೆ ಎಲ್ಲಾ ಮರೀತೈತೆ. ಗಟ್ಟಿ ಮೆಮೊರಿಗೆ ಬರ್ಸಿಕೊಂಡು ನಾಳೆ ತರ್ತೀನಿ."

"ನಿನ್ ಹಂಗೇ ಐತೆ ಅನ್ನು."

ಅಷ್ಟರಲ್ಲಿ ಆಟೋ ಒಂದು ನಿಂತಿತು. ಹಿಂದಿನ ಸೀಟಿನಲ್ಲಿ ಕಪ್ಪಾದ ಪಂಪ್‌ಸೆಟ್ ಮೋಟರು. ಇಳಿದವನು ಬಾಗಿಲಲ್ಲೇ ನಿಂತು ಅನುಮಾನದಿಂದ ಕೇಳಿದ:

"ಅಂಗಡಿ ಮುಚ್ತೀರಂತಲ್ರೀ ಅಕ್ಕಾರೆ?"

"ಯಾರ್ರೀ ಹೇಳಿದ್ದು?" ಅಕ್ಕ ಕೈ ಒರೆಸಿಕೊಂಡಳು. "ಇಳಿಸ್ರಿ, ಇಳಿಸ್ರಿ. ನಾಡಿದ್ದು ಬರ್ರಿ."